ಗಲ್ಲಿಯ ಪಡಖಾನೆ

ಪಡಖಾನೆಯೆಂದರೆ ಮೂಗು ಮುರಿಯುವವರೇ ಹೆಚ್ಚು. ಜಿ.ಪಿ. ರಾಜರತ್ನಂ ಅವರು ಕುಡುಕ ರತ್ನನ ಬಾಯಲ್ಲಿ ಪದ ಹಾಡಿಸಿ, ಆ ಲೋಕಕ್ಕೆ ಕನ್ನಡ ಕಾವ್ಯದಲ್ಲಿ ಮಣೆ ಹಾಕಿದರು. ಬೀದಿಯಲ್ಲಿ ಮಾತ್ರ ಅದಕ್ಕೆ ಮರ್ಯಾದೆ ದೊರೆಯಲಿಲ್ಲ.

ನಗರ್ತಪೇಟೆಯ ಗಲ್ಲಿಯೊಂದರ ಸಾರಾಯಿ ಅಂಗಡಿಯಲ್ಲಿ ನಾನೂ ಕುಳಿತವನೇ. ಹಗಲೆಲ್ಲ ಬಟ್ಟೆಯ ಮೂಟೆ ಹೊತ್ತ ಹಮಾಲಿಗಳು, ಕುಲುಮೆಯ ಮುಂದೆ ಬೆಂದ ಅಕ್ಕಸಾಲಿಗರು ಸಂಜೆ ಒಂದೇ ಬೆಂಚಿಗೆ ಬರುತ್ತಿದ್ದರು. ಅಂಗೈಯಲ್ಲಿ ಉಪ್ಪಿನಕಾಯಿ, ಪೊಟ್ಟಣದಲ್ಲಿ ಕಡಲೆ. ಜಾತಿ ಕೇಳುವವರಿರಲಿಲ್ಲ, ಊರಿನಿಂದ ಬಂದ ಕಾಗದವನ್ನು ಓದುಬಲ್ಲವರು ಬಾರದವರಿಗೆ ಓದಿ ಹೇಳುತ್ತಿದ್ದರು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅಂಗಡಿಗೂ ಬೀಗ ಬಿತ್ತು. ಕೂಲಿಯ ಕಾಸು ಮನೆ ಸೇರುವ ಮುನ್ನ ಅಲ್ಲಿಯೇ ಕರಗುತ್ತಿದ್ದುದನ್ನು ಕಂಡಿದ್ದ ಹೆಂಗಸರು ನೆಮ್ಮದಿಯ ಉಸಿರು ಬಿಟ್ಟರು, ಅದು ನ್ಯಾಯವೇ. ಸಾರಾಯಿಗಾಗಿ ನಾನು ಮರುಗುವುದಿಲ್ಲ. ದಣಿದವರು ಕುಳಿತು ಸುಖದುಃಖ ಆಡಿಕೊಳ್ಳಲಿದ್ದ ಆ ಬೆಂಚು ಹೋಯಿತಲ್ಲ, ಅದಕ್ಕಾಗಿ ಮರುಗುತ್ತೇನೆ.