ಜರಿಯನ್ನು ಹಿಡಿದ ನೂಲು

ಗದಗದ ಮಗ್ಗುಲಿನ ಮಲ್ಲಸಮುದ್ರದ ಸೀಮೆಯಲ್ಲಿ ಕಸೂತಿ ಎಂದರೆ ಎಳೆ ಎಣಿಸುವ ಕೆಲಸ. ಗವಂತಿ, ಮುರಗಿ ಹೊಲಿಗೆ ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ ಮೂಡುವುದು ಹೀಗೆ.

ಜರಿಯ ಕತೆ ಬೇರೆ.

ಅದು ಗಡಸು. ಬಟ್ಟೆಯಲ್ಲಿ ಪದೇಪದೇ ತೂರಿಸಿದರೆ ಸುಲಿಯುತ್ತದೆ. ಅದಕ್ಕೇ ರವಿಕೆಯ ಕುಸುರಿಯಲ್ಲಿ ಜರಿಯನ್ನು ಬಟ್ಟೆಯ ಮೇಲೆ ಮಲಗಿಸುತ್ತಾರೆ. ತೆಳು ನೂಲಿನಿಂದ ಅಲ್ಲಲ್ಲಿ ಅಡ್ಡ ಹೊಲಿಗೆ ಹಾಕಿ ಹಿಡಿಸುತ್ತಾರೆ. ಇದೇ ಕೌಚಿಂಗ್. ಫ್ರಾನ್ಸಿನ ಬೇಯೊ ಪಟ್ಟಣದ 11ನೇ ಶತಮಾನದ, ಸುಮಾರು 70 ಮೀಟರ್ ಉದ್ದದ ಕಸೂತಿಪಟದಲ್ಲೂ ಈ ಜಾಣ್ಮೆಯಿದೆ.

ಕಲಿಯುವವರು ಎಡವುವುದು ಬಿಗಿಯಲ್ಲಿ. ಹೆಚ್ಚು ಎಳೆದರೆ ಬಟ್ಟೆ ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ಜರಿ ಏಳುತ್ತದೆ. ಬಳ್ಳಿ ತಿರುಗುವಲ್ಲಿ ಹೊಲಿಗೆ ಒತ್ತೊತ್ತಾಗಿ ಬೀಳಬೇಕು. ಎಷ್ಟು ಚೆಂದದ ಎಚ್ಚರ ಅದು!

ಮನೆಯಲ್ಲಿ ಅಂಥ ರವಿಕೆಯಿದ್ದರೆ ಇವತ್ತೊಮ್ಮೆ ಬೆಳಕಿಗೆ ಹಿಡಿದು, ಆ ಸಣ್ಣ ಅಡ್ಡ ಹೊಲಿಗೆಗಳನ್ನು ಹುಡುಕಿ ನೋಡಿ.