ಪ್ರೇರಿ ಸೀಮೆಯ ಮಣ್ಣು, ಅದರ ಮ್ಯಾಲಿನ ಮಂದಿ

(ಮಂಡಳದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಮಣ್ಣು ಉಳಿಸುವುದರ ಬಗ್ಗೆ ಮಾತಾಡ್ರಿ ಅಂತ ಮಂಡಳದವರು ಹೇಳಿದರು. ಒಡ್ಡಿನ ಕೆಲಸಕ್ಕೆ ಹೋಗದ ಮನಿ ಈ ಓಣಿಯೊಳಗ ಇಲ್ಲ. 1972ರ ಬರದಾಗ ಕಲ್ಲು ಒಡೆದವರು, ಬುಟ್ಟಿ ಮಣ್ಣು ಹೊತ್ತವರು ಇವತ್ತು ಇಲ್ಲೇ ಮುಂದಿನ ಸಾಲಿನಾಗ ಕೂತಾರ. ಇಂಥವರಿಗೆ ಒಡ್ಡು ಹ್ಯಾಂಗ ಹಾಕಬೇಕು ಅಂತ ನಾನು ಹೇಳಿದರೆ ನಗಬೇಕಾದೀತು. ಅದಕ್ಕ ದೂರದ ಒಂದು ನಾಡಿನ ಇತಿಹಾಸ ಹೇಳ್ತೇನಿ. ಮಣ್ಣು ಉಳಿಸೋದು ಅಂತ ಜಗತ್ತು ಇವತ್ತು ಏನೇನು ಮಾಡ್ತದೋ ಅದರಾಗ ಬಹಳಷ್ಟು ಪದ್ಧತಿ ಗಟ್ಟಿಯಾದದ್ದು ಅಲ್ಲಿ, ಉತ್ತರ ಅಮೆರಿಕದ ಪ್ರೇರಿಯಲ್ಲಿ.

ಪ್ರೇರಿ ಅಂದರೆ ಹುಲ್ಲಿನ ಬಯಲು. ಅಮೆರಿಕದ ಟೆಕ್ಸಾಸ್, ಒಕ್ಲಹೋಮಾ, ಕನ್ಸಾಸ್, ನೆಬ್ರಾಸ್ಕಾ, ಡಕೋಟಾಗಳಿಂದ ಹಿಡಿದು ಕೆನಡಾದ ಮ್ಯಾನಿಟೋಬಾ, ಸಸ್ಕಾಚೆವಾನ್, ಅಲ್ಬರ್ಟಾದ ತನಕ ಹಬ್ಬಿದ ನಾಡು. ಪೂರ್ವಕ್ಕೆ ಮಳೆ ಚಲೋ, ಹುಲ್ಲು ಆಳು ಮುಚ್ಚುವಷ್ಟು ಎತ್ತರ. ಪಶ್ಚಿಮಕ್ಕೆ ಹೋದಂಗ ಮಳೆ ಕಡಿಮಿ, ವರ್ಷಕ್ಕೆ 15-20 ಇಂಚು. ಅಲ್ಲಿ ಹುಲ್ಲು ಗೇಣುದ್ದ. ಆದರೆ ಹುಲ್ಲಿನ ಜೀವ ಇರೋದು ಕೆಳಗೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಜಾನ್ ವೀವರ್ ಎಂಬ ಸಸ್ಯವಿಜ್ಞಾನಿ ಹುಲ್ಲುಗಾವಲಿನಲ್ಲಿ ಆಳವಾದ ತಗ್ಗು ತೋಡಿಸಿ, ಒಳಗಿಳಿದು, ಒಂದೊಂದು ಬೇರು ಬಿಡಿಸಿ ನೋಡಿ ಚಿತ್ರ ಬರೆದರು. ಕೆಲವು ಹುಲ್ಲಿನ ಬೇರು ಆರು-ಎಂಟು ಅಡಿಗೂ ಕೆಳಗೆ ಇಳಿದಿದ್ದವು. ಗಾಳಿ, ಬರ ಆ ನಾಡಿಗೆ ಹೊಸದಲ್ಲ. ಆ ಬೇರಿನ ಬಲೆ ಮಣ್ಣನ್ನು ಹಿಡಿದಿತ್ತು, ಅಷ್ಟೆ.

ಆ ಹುಲ್ಲಿನ ಮ್ಯಾಲೆ ಬೈಸನ್ ಎಂಬ ಕಾಡುದನದ ಹಿಂಡು ಇದ್ದವು. ಮೇಯ್ದು ಮುಂದಕ್ಕೆ ಹೋಗುತ್ತಿದ್ದವು. ಹಿಂದೆ ಹುಲ್ಲು ಮತ್ತೆ ಚಿಗುರುತ್ತಿತ್ತು. ಲಕೋಟಾ, ಷೈಯೆನ್, ಪಾನೀ, ಕೊಮಾಂಚಿ ಮೊದಲಾದ ಮೂಲನಿವಾಸಿ ಜನ ಆ ಹಿಂಡಿನ ಹಿಂದೆ ಬದುಕಿದರು, ಕಾಲ ನೋಡಿ ಹುಲ್ಲಿಗೆ ಬೆಂಕಿ ಕೊಟ್ಟು ಹೊಸ ಚಿಗುರು ಬರಿಸಿದರು. ಇವತ್ತು ಕೃಷಿ ಕಾಲೇಜಿನೊಳಗ ಹುಲ್ಲುಗಾವಲು ನಿರ್ವಹಣೆ ಅಂತ ಕಲಿಸೋದರಾಗ ಅರ್ಧ ಇದೇ.

ಮುಂದ ಏನಾತು? ಕೋಟಿಗಟ್ಟಲೆ ಇದ್ದ ಬೈಸನ್ ಅನ್ನು ಚರ್ಮಕ್ಕಾಗಿ ಕೊಂದರು. 1880ರ ದಶಕ ಮುಗಿಯುವಾಗ ಉಳಿದದ್ದು ಸಾವಿರದ ಆಸುಪಾಸು. ಅನ್ನ ಹೋದ ಮ್ಯಾಲೆ ಜನ ಸೋತರು. 1862ರ ಹೋಮ್‌ಸ್ಟೆಡ್ ಕಾಯ್ದೆ ವಲಸೆ ಬಂದ ಒಂದೊಂದು ಕುಟುಂಬಕ್ಕೆ 160 ಎಕರೆ ಕೊಟ್ಟಿತು. ಐದು ವರ್ಷ ಇದ್ದು ಸಾಗು ಮಾಡಿದರೆ ಜಮೀನು ಹೆಸರಿಗೆ. ಈ ಕಾಯ್ದೆಯಿಂದ ಒಟ್ಟು ಹಂಚಿಕೆಯಾದದ್ದು ಸುಮಾರು 27 ಕೋಟಿ ಎಕರೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ಜನರೂ ಕೆಲವರು ಬಂದರು. 1877ರಲ್ಲಿ ಕೆಂಟಕಿಯಿಂದ ಹೊರಟು ಕನ್ಸಾಸ್‌ನಲ್ಲಿ ನಿಕೋಡೀಮಸ್ ಎಂಬ ತಮ್ಮದೇ ಊರು ಕಟ್ಟಿದರು, ಮೊದಲ ಚಳಿಗಾಲ ನೆಲದೊಳಗ ಗವಿ ತೋಡಿ ಕಳೆದರು. ಆದರೆ ಹೆಚ್ಚಿನ ಜಮೀನು ಬಿಳಿಯರ ಪಾಲಾಯಿತು. ಮೂಲನಿವಾಸಿಗಳ ಜಮೀನು? 1887ರ ಡಾಸ್ ಕಾಯ್ದೆ ಅದನ್ನು ತುಂಡು ತುಂಡು ಮಾಡಿ, ಉಳಿದದ್ದು ಹೆಚ್ಚಿನದು ಅಂತ ಮಾರಿತು. ಆಗ ಅವರ ಕೈಯಲ್ಲಿದ್ದದ್ದು 13.8 ಕೋಟಿ ಎಕರೆ, 1934ಕ್ಕೆ 4.8 ಕೋಟಿ.

ಹೊಸದಾಗಿ ಬಂದವರು ನೇಗಿಲು ಹೊಡೆದರು. ಮೊದಲ ಮಹಾಯುದ್ಧದಾಗ ಗೋದಿಗೆ ಚಿನ್ನದ ಬೆಲೆ ಬಂತು, ಟ್ರ್ಯಾಕ್ಟರ್ ಬಂತು, ಮಣ್ಣನ್ನು ಹಿಟ್ಟಿನಂತೆ ಪುಡಿ ಮಾಡುವ ತಟ್ಟೆ ನೇಗಿಲು ಬಂತು. 1925ರಿಂದ 1930ರ ಐದು ವರ್ಷದೊಳಗ ದಕ್ಷಿಣದ ಬಯಲಿನಾಗ ಮಾತ್ರ 50 ಲಕ್ಷ ಎಕರೆಗೂ ಹೆಚ್ಚು ಹುಲ್ಲುನೆಲ ಒಡೆದರು. ಪಟ್ಟಣದಾಗ ಕೂತು, ಬಿತ್ತಾಕ ಒಮ್ಮೆ ಸುಗ್ಗಿಗೆ ಒಮ್ಮೆ ಬಂದು ಹೋಗುವ ಯಜಮಾನರೂ ಇದ್ದರು. ಅವರಿಗೆ ಸೂಟ್‌ಕೇಸ್ ರೈತರು ಅಂತ ಹೆಸರು ಬಿದ್ದಿತ್ತು. ನಮಗೇನೂ ಹೊಸ ಜಾತಿ ಅಲ್ಲ ಅದು.

1931ರಿಂದ ಮಳೆ ಕೈಕೊಟ್ಟಿತು. ಬೆಲೆ ಬಿತ್ತು. ಹೊಲ ಬರಿದಾದವು. ಹುಲ್ಲಿಲ್ಲ, ಬೆಳೆಯಿಲ್ಲ, ಬೇರಿಲ್ಲ. ಗಾಳಿಗೆ ಮಣ್ಣು ಎದ್ದಿತು. 1934ರ ಮೇ ತಿಂಗಳ ಒಂದು ಬಿರುಗಾಳಿ ಪ್ರೇರಿಯ ಮಣ್ಣನ್ನು ಸಾವಿರಾರು ಕಿಲೋಮೀಟರ್ ದೂರದ ನ್ಯೂಯಾರ್ಕ್, ವಾಷಿಂಗ್ಟನ್ ಮ್ಯಾಲೆ ಸುರಿಯಿತು. ಅಟ್ಲಾಂಟಿಕ್ ಸಮುದ್ರದಾಗ ಹಡಗಿನ ಮ್ಯಾಲೂ ಬಿತ್ತು. 1935ರ ಏಪ್ರಿಲ್ 14ಕ್ಕೆ ಅವರು ಕಪ್ಪು ರವಿವಾರ ಅಂತಾರ. ಏಪ್ರಿಲ್ 14 ಅಂದ ಕೂಡಲೆ ನಮ್ಮ ಕಣ್ಣಮುಂದ ನಿಲ್ಲೋದು ಬಾಬಾಸಾಹೇಬರ ಹುಟ್ಟಿದ ದಿನ. ಅಲ್ಲಿ ಅವತ್ತು ಹಗಲಿನ್ಯಾಗ ಎದುರಿನವರ ಮುಖ ಕಾಣದಷ್ಟು ಕತ್ತಲಾಗಿತ್ತು. ಧೂಳು ಕುಡಿದು ಮಕ್ಕಳು, ಮುದುಕರು ಪುಪ್ಪುಸದ ರೋಗದಿಂದ ಸತ್ತರು. ಲಕ್ಷಗಟ್ಟಲೆ ಮಂದಿ ಗಂಟುಮೂಟೆ ಕಟ್ಟಿ ಗುಳೆ ಹೋದರು. ಗುಳೆ ಹೋದವರಾಗ ಸ್ವಂತ ಜಮೀನಿಲ್ಲದ ಪಾಲುಗಾರರು ಬಾಳ ಇದ್ದರು. ಬೆಳೆ ಕಡಿಮಿ ಮಾಡ್ರಿ ಅಂತ ಸರಕಾರ 1933ರಿಂದ ಹಣ ಕೊಟ್ಟಾಗ ಅದು ಮಾಲೀಕನ ಕೈಗೆ ಹೋಯ್ತು, ಪಾಲುಗಾರ ಹೊಲದಿಂದ ಹೊರಗೆ ಬಿದ್ದ.

ಇನ್ನ ಹ್ಯೂ ಬೆನೆಟ್ ಎಂಬವರ ಕೆಲಸ ಹೇಳಬೇಕು. ಉತ್ತರ ಕರೋಲಿನಾದ ಹತ್ತಿ ರೈತನ ಮಗ, ಮಣ್ಣಿನ ಸರ್ವೇ ನೌಕರ. 1905ರಲ್ಲಿ ವರ್ಜೀನಿಯಾದಾಗ ಒಂದು ಸಂಗತಿ ನೋಡಿದ್ದರು: ಪಕ್ಕಪಕ್ಕದ ನೆಲ, ಅಡವಿಯೊಳಗ ಮಣ್ಣು ಮೆತ್ತಗೆ ಕಪ್ಪಗೆ, ಹೊಲದಾಗ ಗಟ್ಟಿ ಜೇಡಿ. ಮ್ಯಾಲಿನ ಪದರು ಕಣ್ಣಿಗೆ ಕಾಣದಂಗ ಪ್ರತಿ ಮಳಿಗೂ ಹಾಳೆ ಸುಲಿದಂತೆ ಹೋಗಿತ್ತು. ಇದನ್ನ 30 ವರ್ಷ ಹೇಳುತ್ತ ಬಂದರು. 1935ರ ವಸಂತದಾಗ ಸಂಸತ್ತಿನ ಸಮಿತಿಯ ಮುಂದೆ ಮಾತಾಡುವಾಗ ಪ್ರೇರಿಯ ಧೂಳು ವಾಷಿಂಗ್ಟನ್‌ಗೆ ಬಂತು, ಕಿಡಕಿಯಿಂದ ತೋರಿಸಿದರು ಅಂತ ಹೇಳ್ತಾರ. ಏಪ್ರಿಲ್ 27ಕ್ಕೆ ಮಣ್ಣು ಸಂರಕ್ಷಣಾ ಕಾಯ್ದೆ ಆಯಿತು. ಬಡವರ ಹೊಲದ ಧೂಳು ರಾಜಧಾನಿಯವರ ಮೂಗಿನೊಳಗ ಹೋಗುವ ತನಕ ಕಾಯ್ದೆ ಆಗಲಿಲ್ಲ ಅನ್ನೋದನ್ನ ನೆನಪಿಡ್ರಿ.

ಕೆಲಸ ಮಾತ್ರ ಖರೇನ ಆತು. ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಒಡ್ಡು. ಒಂದು ಪಟ್ಟಿ ಬೆಳೆ, ಒಂದು ಪಟ್ಟಿ ಬೀಡು. ಗಾಳಿ ತಡೆಯಲು 1934ರಿಂದ 1942ರ ತನಕ 22 ಕೋಟಿ ಗಿಡ ನೆಟ್ಟರು, ಸಾಲು ಹಿಡಿದರೆ 18,600 ಮೈಲಿ. ಸರಕಾರದ ಯುವಕರ ದಳ ಇಂಥ ಕೆಲಸಕ್ಕೆ ದುಡಿಯಿತು, ಆದರೆ ಕರಿಯ ಹುಡುಗರಿಗೆ ಬ್ಯಾರೆ ಶಿಬಿರ. ಅಲ್ಬರ್ಟಾದ ಚಾರ್ಲ್ಸ್ ನೋಬಲ್ ಎಂಬ ರೈತ 1930ರ ದಶಕದಾಗ ಒಂದು ಅಲಗು ಮಾಡಿದ. ಅದು ಮಣ್ಣು ಮಗಚೋದಿಲ್ಲ; ನೆಲದ ಕೆಳಗ ಹಾದು ಕಳೆಯ ಬೇರು ಕತ್ತರಿಸತದ, ಕೂಳೆ-ಕಸ ಮ್ಯಾಲೇ ಇರತದ, ಗಾಳಿಗೆ ಮಣ್ಣು ಸಿಗೋದಿಲ್ಲ. ಹಿರಿಯರು ತಲಿ ಆಡಿಸಾಕತ್ತಾರ. ಹೌದ್ರಿ, ನಮ್ಮ ಕುಂಟಿ ಮಾಡೋದೂ ಹೆಚ್ಚುಕಡಿಮಿ ಇದೇ. ಅವರದು ಟ್ರ್ಯಾಕ್ಟರ್ ಎಳೆಯುವ ದೊಡ್ಡ ಕುಂಟಿ. ಅದೇ ಹೊತ್ತಿಗೆ, 1933ರಲ್ಲಿ, ನಮ್ಮ ಸೋಲಾಪುರದಾಗೂ ಒಣಬೇಸಾಯದ ಸಂಶೋಧನಾ ಕೇಂದ್ರ ಶುರುವಾಗಿತ್ತು. 1942ರ ಮುಂಬೈ ಪ್ರಾಂತದ ಕಾಯ್ದೆಯಿಂದ ಸರಕಾರಿ ಒಡ್ಡುಗಳು ಬಂದವು.

ಹುಲ್ಲಿನ ವಿಷಯದಾಗ ಒಂದು ಲೆಕ್ಕ ದನ-ಕುರಿ ಇದ್ದವರು ಕೇಳಿರಿ. ಫ್ರಾಂಕ್ಲಿನ್ ಕ್ರೈಡರ್ ಎಂಬವರು 1955ರಲ್ಲಿ ಪ್ರಕಟಿಸಿದ್ದು. ಹುಲ್ಲಿನ ಎಲೆ ಅರ್ಧದ ತನಕ ಕತ್ತರಿಸಿದರೆ ಬೇರು ಬೆಳೆಯೋದು ಹೆಚ್ಚು ನಿಲ್ಲೋದಿಲ್ಲ. ನೂರಕ್ಕೆ 80 ಪಾಲು ಕತ್ತರಿಸಿದರೆ 12 ದಿನ ಬೇರು ಪೂರಾ ನಿಂತುಬಿಡತದ. ಬೇರು ನಿಂತ ಹುಲ್ಲು ಮುಂದಿನ ಬರ ತಡೆಯೋದಿಲ್ಲ. ಅರ್ಧ ಮೇಯಿಸು, ಅರ್ಧ ಬಿಡು ಅನ್ನೋ ಪಾಠ ಅಲ್ಲಿಯ ದನಗಾರರು ಹಿಡಿದದ್ದು ಇದಕ್ಕ.

ಇಷ್ಟು ಒಳ್ಳೆಯ ಮಾತು ಆತು. ಈಗ ಸೇಂಟ್ ಮೆಡಲೀನ್ ಎಂಬ ಊರಿನ ಸಂಗತಿ. ಇದನ್ನ ಹೇಳಬೇಕಂತಲೇ ನಾನು ಪ್ರೇರಿಯ ವಿಷಯ ಆರಿಸಿದೆ.

ಕೆನಡಾ ಸರಕಾರವೂ 1935ರಲ್ಲಿ ಪ್ರೇರಿ ಜಮೀನು ಸುಧಾರಣೆಯ ಕಾಯ್ದೆ ಮಾಡಿತು. ಹಾಳಾದ ನೆಲಕ್ಕೆ ಬೇಲಿ ಹಾಕಿ, ಹುಲ್ಲು ಬಿತ್ತಿ, ಸುತ್ತಲಿನ ಸಣ್ಣ ರೈತರು ಅಲ್ಪ ಶುಲ್ಕ ಕೊಟ್ಟು ದನ ಮೇಯಿಸುವ ಸಮುದಾಯ ಗೋಮಾಳ ಮಾಡಿತು. ನಮ್ಮ ಮಾತಿನಾಗ ಗಾಯರಾನ. ಒಟ್ಟು 20 ಲಕ್ಷ ಎಕರೆ ದಾಟಿದವು. ಹುಲ್ಲು ಮರಳಿತು, ಮಣ್ಣು ನಿಂತಿತು. ಅದು ಒಳ್ಳೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ.

ಮ್ಯಾನಿಟೋಬಾದ ಪಶ್ಚಿಮ ಅಂಚಿನಾಗ ಸೇಂಟ್ ಮೆಡಲೀನ್ ಇತ್ತು. ಅಲ್ಲಿದ್ದವರು ಮೆಟಿ ಜನ. ಮೂಲನಿವಾಸಿ ತಾಯಂದಿರು, ಯುರೋಪಿನ ತಂದೆಯರಿಂದ ಬೆಳೆದ, ಒಂದು ಕಾಲಕ್ಕೆ ಬೈಸನ್ ಬೇಟೆಯಿಂದ ಬದುಕಿದ ಸಮುದಾಯ. ಜಮೀನು ಕಳಕೊಂಡ ಮೆಟಿ ಕುಟುಂಬಗಳು ಪ್ರೇರಿಯ ಎಷ್ಟೋ ಕಡೆ ರಸ್ತೆಗೆ ಬಿಟ್ಟ ಸರಕಾರಿ ಪಟ್ಟಿಯ ಮ್ಯಾಲೆ ಗುಡಿಸಲು ಹಾಕಿದ್ದರು. ಅದಕ್ಕ ಅವರನ್ನ ರಸ್ತೆಯಂಚಿನ ಮಂದಿ ಅಂತಿದ್ದರು. ಸೇಂಟ್ ಮೆಡಲೀನ್‌ನಾಗ ಸುಮಾರು 250 ಮಂದಿ, ಉಸುಕು ನೆಲ, ಒಂದು ಚರ್ಚು, ಒಂದು ಶಾಲೆ. ಗಂಡಸರು ಸುತ್ತಲಿನ ಬಿಳಿ ರೈತರ ಹೊಲಕ್ಕೆ ಕೂಲಿ ಹೋಗುತ್ತಿದ್ದರು. 1938ರಲ್ಲಿ ಆ ನೆಲ ಗೋಮಾಳಕ್ಕೆ ಅಂತ ತೀರ್ಮಾನ ಆಯಿತು. ಕಂದಾಯ ಪೂರಾ ಕಟ್ಟಿದವರಿಗೆ ಮಾತ್ರ ಪರಿಹಾರ. ಬರದ ವರ್ಷಗಳಾಗ ಕೂಲಿಯವನು ಕಂದಾಯ ಎಲ್ಲಿಂದ ಕಟ್ಟಬೇಕು? ಮನೆಗಳಿಗೆ ಬೆಂಕಿ ಹಚ್ಚಿದರು. ಸಾಕಿದ ನಾಯಿಗಳನ್ನ ಗುಂಡಿಟ್ಟು ಕೊಂದರು. ಉಳಿದದ್ದು ಸ್ಮಶಾನ. ಇವತ್ತಿಗೂ ಅವರ ಮೊಮ್ಮಕ್ಕಳು ಅಲ್ಲಿ ಬಂದು ಸೇರ್ತಾರ.

ನೋಡ್ರಿ, ಆ ಪ್ರೇರಿಯ ಮಣ್ಣು ಹಾರಿಸಿದವರು ಈ ಮಂದಿ ಅಲ್ಲ. ಲಕ್ಷಾಂತರ ಎಕರೆ ಒಡೆದವರು ಬ್ಯಾರೆ. ಒಡೆದವರಿಗೆ ಬೀಜ, ಸಾಲ, ಸಲಹೆ ಸಿಕ್ಕಿತು. ಮಣ್ಣು ಉಳಿಸುವ ಹೆಸರಿನ್ಯಾಗ ಮನಿ ಸುಟ್ಟದ್ದು ಕೂಲಿಯವರದು. ಇದು ಹಳೆ ಕಾಲದ್ದು ಅನ್ನಬ್ಯಾಡ್ರಿ. ಉತ್ತರ ಡಕೋಟಾದ ಸ್ಟ್ಯಾಂಡಿಂಗ್ ರಾಕ್‌ನ ದನಗಾರರಾದ ಜಾರ್ಜ್ ಮತ್ತು ಮೆರಿಲಿನ್ ಕೀಪ್‌ಸೀಗಲ್ ದಂಪತಿ ಮತ್ತಿತರ ಮೂಲನಿವಾಸಿ ರೈತರು, ಸಾಲ ಕೊಡುವಾಗ ಕೃಷಿ ಇಲಾಖೆ ಭೇದ ಮಾಡ್ತದ ಅಂತ 1999ರಲ್ಲಿ ದಾವೆ ಹಾಕಿದರು. 2010ರಲ್ಲಿ 76 ಕೋಟಿ ಡಾಲರಿಗೆ ರಾಜಿಯಾಯಿತು. ಕೆನಡಾ ಸರಕಾರ 2012ರಲ್ಲಿ ಆ ಗೋಮಾಳಗಳಿಂದ ಕೈ ತೆಗೆಯುವುದಾಗಿ ಹೇಳಿತು. ಹುಲ್ಲು ಯಾರ ಕೈಗೆ ಅನ್ನೋ ಜಗಳ ಮತ್ತ ಎದ್ದಿತು.

ನಮ್ಮಲ್ಲಿ ಗಾಯರಾನ ಸಾಗು ಮಾಡಿದ ಮನಿಗಳು ಎಷ್ಟು ಅದಾವ ಅಂತ ನಿಮಗ ಗೊತ್ತು. 1964ರಲ್ಲಿ ದಾದಾಸಾಹೇಬ ಗಾಯಕವಾಡರು ಭೂಹೀನರ ಸತ್ಯಾಗ್ರಹ ಮಾಡಿದ್ದು ಇಂಥ ನೆಲಕ್ಕಾಗಿ. ಗಾಯರಾನದಾಗ ಹುಲ್ಲು ಬೇಕು, ಗಿಡ ಬೇಕು, ಅದರಾಗ ನಂದು ಎರಡು ಮಾತಿಲ್ಲ. ಅದಕ್ಕ ಗ್ರಾಮಸಭೆಯೊಳಗ ಜಲಾನಯನ ಕಾಮಗಾರಿಯ ಪಟ್ಟಿ ಓದುವಾಗ ಮಂಡಳದ ಹುಡುಗರು, ಹುಡುಗಿಯರು ಹಿಂದಿನ ಸಾಲಿನಾಗ ನಿಂತು ಬರಬ್ಯಾಡ್ರಿ. ಯಾವ ಗಟ್ಟಿನಾಗ ಒಡ್ಡು, ಅದು ಯಾರ ಹೆಸರಿನ ಸಾತಬಾರಾ, ಬೇಲಿ ಹಾಕುವ ನೆಲದಾಗ ಈಗ ಯಾರು ಬಿತ್ತಾಕತ್ತಾರ, ಹುಲ್ಲು ಕೊಯ್ಯುವ ಹಕ್ಕು ಯಾರಿಗೆ, ಇಷ್ಟನ್ನ ಬರಕೊಂಡು ಬರ್ರಿ. ಪಟ್ಟಿಯ ನಕಲು ಕೇಳಿ ಇಸಕೊಳ್ರಿ. ಮರಾಠಿಯೊಳಗ ಇರತದ, ಓದಿ ಹೇಳಾಕ ನಾನು ರವಿವಾರ ಸಂಜಿಗೆ ಸಮಾಜ ಮಂದಿರದಾಗ ಕೂಡ್ತೇನಿ.

ಜೈ ಭೀಮ್.