ಹೆಂಜೇರಿನ ಚಿಲ್ಲುಕ ಮುನಿ



ದೇವರಿಗೂ ಅಂಜಿಕೆ ಆಗುತ್ತದೆಯೇ? ಆಯಿತು ಎನ್ನುತ್ತದೆ ಹೇಮಾವತಿಯ ಒಂದು ಶಾಸನ. ಕ್ರಿ.ಶ. 943ರದು. ಶಿವನ ಅವತಾರವೆಂದು ಪಾಶುಪತ ಶೈವರು ನಂಬಿದ ಲಕುಲೀಶನಿಗೆ, ತನ್ನ ಹೆಸರೂ ಸಿದ್ಧಾಂತವೂ ಜನರಿಗೆ ಎಲ್ಲಿ ಮರೆತುಹೋಗುತ್ತವೋ ಎಂಬ ದಿಗಿಲು ಹುಟ್ಟಿತಂತೆ. ಅದಕ್ಕಾಗಿ ಅವನು ಮುನಿನಾಥ ಚಿಲ್ಲುಕನಾಗಿ ಮತ್ತೆ ಹುಟ್ಟಿಬಂದನಂತೆ. ಶಾಸನಗಳಲ್ಲಿ ಗುರುಗಳ ಹೊಗಳಿಕೆಗೆ ಬರವಿಲ್ಲ. ಆದರೆ ಹೊಗಳಿಕೆಯ ಒಳಗೇ ಇಷ್ಟು ಆತಂಕ ಬಚ್ಚಿಟ್ಟುಕೊಂಡ ಮಾತು ಅಪರೂಪ.

ಲಕುಲೀಶ ದೂರದ ಗುಜರಾತಿನ ಕಾರವಣದವನು. ಕೈಯಲ್ಲಿ ದೊಣ್ಣೆ, ಸುತ್ತ ಶಿಷ್ಯರು. ಕ್ರಿ.ಶ. 380ರ ಮಥುರಾ ಕಂಬದ ಶಾಸನದ ಹೊತ್ತಿಗಾಗಲೇ ಅವನ ಗುರುಪರಂಪರೆಯಲ್ಲಿ ಹಲವು ತಲೆಮಾರು ಕಳೆದಿದ್ದವು. ಆ ಪರಂಪರೆಯೇ ನಮ್ಮ ಸೀಮೆಯಲ್ಲಿ ಕಾಳಾಮುಖ ಶೈವರದಾಗಿ ಬೇರೂರಿತು.

ಇತ್ತ ಹೇಮಾವತಿ, ಅಂದಿನ ಹೆಂಜೇರು, ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬರ ರಾಜಧಾನಿ. ಈಗಲೂ ಅಲ್ಲಿನ ದೊಡ್ಡೇಶ್ವರ ಗುಡಿಯ ಮುಂದೆ ನಿಂತು ಗೋಡೆ ನೋಡಿ. ಕಲ್ಲಿನ ಜಾಲಂಧ್ರ, ಬಳ್ಳಿಯ ಸುರುಳಿಗಳ ನಡುವೆ ದೇವತೆಗಳು, ಆ ಕಂಡಿಗಳಿಂದಲೇ ಒಳಗೆ ಬೆಳಕು. ಹೊಯ್ಸಳರ ಕುಸುರಿಯನ್ನು ಕೊಂಡಾಡುವ ನಾವು ಈ ಕೈಚಳಕವನ್ನು ಅಷ್ಟಾಗಿ ಗಮನಿಸಿಲ್ಲ ಎಂಬುದು ನನ್ನ ತಕರಾರು.

ಆದರೆ 943 ನೆಮ್ಮದಿಯ ಕಾಲವಲ್ಲ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ನೊಳಂಬ ಅರಸ ಅಣ್ಣಿಗನನ್ನು ಸೋಲಿಸಿದ್ದನ್ನು 940ರ ದೇವಳಿ ತಾಮ್ರಪಟ ಹೇಳಿಕೊಂಡಿದೆ. ಅಂದರೆ ಅರಸು ಮುಗ್ಗರಿಸಿದ ಬೆನ್ನಿಗೇ ಚಿಲ್ಲುಕನ ಶಾಸನ ನಿಂತಿದೆ. ಅರಮನೆ ಅಲುಗಿದರೆ ದತ್ತಿಗೆ ಕುತ್ತು, ದತ್ತಿಗೆ ಕುತ್ತು ಬಂದರೆ ಮಠಕ್ಕೂ ಪಾಠಕ್ಕೂ ಕುತ್ತು. ಲಕುಲೀಶನ ದಿಗಿಲಿನ ಹಿಂದೆ ಈ ಲೆಕ್ಕವೂ ಇದ್ದಿರಬಹುದು ಎಂದು ನನ್ನ ಊಹೆ. ಆದರೂ ಆ ಜನ ಕೆಟ್ಟ ಕಾಲ ಬಂತೆಂದು ಕೈಚೆಲ್ಲಲಿಲ್ಲ. ಮರೆವು ಬಂದರೆ ಗುರುವೇ ಮತ್ತೆ ಮನುಷ್ಯನಾಗಿ ಬರುತ್ತಾನೆ, ಬಂದಿದ್ದಾನೆ, ಇಗೋ ಇಲ್ಲೇ ಇದ್ದಾನೆ ಎಂದು ಕಲ್ಲಿನಲ್ಲಿ ಕೆತ್ತಿಸಿದರು.

ಮುಂದೆ ಇನ್ನೂ ಕಷ್ಟ ಬಂತು. ಗಂಗರ ಮಾರಸಿಂಹ ನೊಳಂಬರನ್ನು ಮುರಿದು 'ನೊಳಂಬಕುಲಾಂತಕ' ಎಂದು ಬಿರುದು ಪಡೆದ. ಅವನೂ ಕೊನೆಗೆ ಬಂಕಾಪುರದಲ್ಲಿ ಅಜಿತಸೇನ ಗುರುಗಳ ಬಳಿ ಸಲ್ಲೇಖನ ವ್ರತ ಹಿಡಿದು ಪ್ರಾಣಬಿಟ್ಟ. ಆಮೇಲೆ ಚೋಳರು ಬಂದರು. ನೊಳಂಬರ ಕಡೆದ ಕಂಬಗಳು ಕಾವೇರಿ ದಂಡೆಯ ತಿರುವಯ್ಯಾರಿನ ದೇವಾಲಯ ಸೇರಿದವು. ಎಷ್ಟೋ ಕಾಲದ ನಂತರ ಹೇಮಾವತಿಯ ಹಲವು ವಿಗ್ರಹಗಳು ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವು.

ಕಲ್ಲು ಊರು ಬಿಟ್ಟರೂ ಸಿದ್ಧಾಂತ ಮಣ್ಣುಪಾಲಾಗಲಿಲ್ಲ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಓದಿದರೆ ಕಾಳಾಮುಖರ ಬಾಳುವೆ ಕಣ್ಣಿಗೆ ಕಟ್ಟುತ್ತದೆ. ವ್ಯಾಕರಣದ ಪಾಠ, ವೇದದ ಪಾಠ, ಲಾಕುಲ ಸಿದ್ಧಾಂತದ, ಅಂದರೆ ಲಕುಲೀಶನ ಸಿದ್ಧಾಂತದ, ವ್ಯಾಖ್ಯಾನ, ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನ, ರೋಗಿಗಳಿಗೆ ಔಷಧ. ಚಿಲ್ಲುಕನ ಕಾಲಕ್ಕೂ ಇದಕ್ಕೂ ಇನ್ನೂರು ವರ್ಷದ ಮೇಲಿನ ಅಂತರ.

ಹೇಮಾವತಿಯಲ್ಲೂ ಪೂಜೆ ನಿಂತಿಲ್ಲ. ಅಲ್ಲಿನ ಸಿದ್ಧೇಶ್ವರನ ಗರ್ಭಗುಡಿಯಲ್ಲಿ ಲಿಂಗವಿಲ್ಲ, ಕುಳಿತ ಶಿವನ ಮೂರ್ತಿಯಿದೆ. ಶಿವನು ಮನುಷ್ಯನಾಗಿ ಬರುತ್ತಾನೆಂದು ನಂಬಿದ ಊರಿಗೆ ಅದು ಒಪ್ಪುವಂಥದೇ.

ಚಿಲ್ಲುಕನ ಹೆಸರು ವಿದ್ವಾಂಸರ ಕೈಗೆ ಸಿಕ್ಕಿದ್ದು ಬಿ. ಎಲ್. ರೈಸ್ ಅವರಿಂದ, 1904ರಲ್ಲಿ ಅಚ್ಚಾದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡನೆಯ ಸಂಪುಟದಲ್ಲಿ. ಹೇಮಾವತಿ ಆಗ ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಯ ಹಳ್ಳಿ. ಆ ಸಂಪುಟವೋ ಮೈಸೂರು ಸೀಮೆಯ ತುಮಕೂರು ಜಿಲ್ಲೆಯದು. ರೈಸ್ ಅವರು ಗಡಿಯ ಗೊಡವೆಗೆ ಹೋಗದೆ ಚಿಲ್ಲುಕನ ಶಾಸನವನ್ನು ಶಿರಾ ತಾಲ್ಲೂಕಿನ ಶಾಸನಗಳ ಜೊತೆಗೇ ಸೇರಿಸಿಬಿಟ್ಟರು. ಹುಡುಕುವವರು ಈಗಲೂ ಶಿರಾದ ಪುಟಗಳನ್ನೇ ತೆರೆಯಬೇಕು.